ಅತ್ತಿ ಕೂಡಿಸಿದ ಚಹಾ ಕಪ್ಪುಗಳು

ನಮ್ಮತ್ತಿಯ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಆ ಸೀಳಿನಲ್ಲಿ ಸುಣ್ಣ ಕೂತು ಬಿಳಿ ಗೆರೆಯಾಗಿತ್ತು, ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಆಕೆ ನನ್ನ ತಂದೆಯ ಅಕ್ಕ. ಆಕೆಯ ಮಗಳನ್ನೇ ಲಗ್ನವಾದದ್ದರಿಂದ ನನಗೆ ಎರಡು ಕಡೆಯಿಂದಲೂ ಅತ್ತಿ.

ಆಕೆಯ ಮನೆ ದೇವದುರ್ಗದಲ್ಲಿ, ನಮ್ಮವರ ಕೇರಿಯಲ್ಲಿ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ರಾಯಚೂರಿನಲ್ಲಿ ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆ ಹತ್ತಿದವನು. ಯಾರ ಹಂಗಿನಲ್ಲೂ ಉಂಡವನಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ, ವಾರದ ಸೂಟಿಗೆ ಬಸ್ಸು ಹತ್ತಿ ಹೋದರೆ ಅತ್ತಿ ಒಡೆದ ಪಿಂಗಾಣಿ ಕಪ್ಪುಗಳ ಮುಂದೆ ಕೂತಿರುತ್ತಿದ್ದಳು. ಹೊಲದ ಕೂಲಿ ಮುಗಿದ ಮೇಲಿನ ಕೆಲಸ ಅದು. ಸಣ್ಣಾಕೆ ಇದ್ದಾಗ ಮಾನ್ವಿಯ ಒಬ್ಬ ಸಾಹೇಬರ ಮನೆಗೆಲಸಕ್ಕಿದ್ದಳಂತೆ, ಆ ಮನೆಯ ಬೀಬಿ ಕಲಿಸಿದ್ದು. ಸೋಸಿದ ಸುಣ್ಣದ ಹುಡಿಗೆ ಕೋಳಿ ತತ್ತಿಯ ಬಿಳಿ ಬೆರೆಸಿ ಹಚ್ಚಬೇಕು, ದಾರ ಸುತ್ತಬೇಕು. ಆಮೇಲೆ ಕಪ್ಪು ಅಲುಗಾಡದಂತೆ ಜೋಳದ ಬುಟ್ಟಿಯಲ್ಲಿ ಊರಿ ಒಂದು ವಾರ ನೆರಳಿಗಿಡಬೇಕು. ಸುಣ್ಣವೆಂದರೆ ನನ್ನ ಕಸುಬಿನ ವಸ್ತು. ಒಮ್ಮೆ ಹದ ಹೇಳಿಕೊಡಲು ಹೋದೆ.

"ಲೇ ಅಳಿಯಾ, ನೀ ಗ್ವಾಡಿ ಕಟ್ಟಾಂವ. ಗ್ವಾಡಿನ ಯಾರೂ ಬಾಯಿಗಿ ಹಚ್ಚಂಗಿಲ್ಲ. ಸುಮ್ನ ಕೂಡು" ಅಂದಳು.

ಬಾಯಿಗೆ ಹಚ್ಚುವುದೇ ಆಕೆಯ ಪರೀಕ್ಷೆ. ಒಣಗಿದ ಪ್ರತಿ ಕಪ್ಪಿಗೂ ಬಿಸಿ ಚಹಾ ಸುರಿದು, ಕೂಡಿಸಿದ ಜಾಗಕ್ಕೇ ತುಟಿಯಿಟ್ಟು ಕುಡಿಯುವಳು. ಬಿರುಕು ಉಳಿದಿದ್ದರೆ ಚಹಾದ ಕೆಂಪು ಗೆರೆ ಮೂಡುತ್ತಿತ್ತು. ಅಂಚು ಏರುಪೇರಾಗಿದ್ದರೆ ತುಟಿಗೆ ತಿಳಿಯುತ್ತಿತ್ತು. ಕುಡುಗೋಲು ಹಿಡಿದು ದಡ್ಡುಗಟ್ಟಿದ ಬೆರಳಿಗೆ ತಿಳಿಯುತ್ತಿರಲಿಲ್ಲ. "ನೀರು ಸುಳ್ಳು ಹೇಳ್ತದ, ಚಾ ಹೇಳಂಗಿಲ್ಲ" ಅನ್ನುವಳು. ಯಾರ ಮನೆಯ ಕಪ್ಪಾದರೂ ಇದೇ ಕ್ರಮ.

ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಹೋಟೆಲಿತ್ತು. ಅಲ್ಲಿ ನಮ್ಮ ಕೇರಿಯವರಿಗೆ ಒಳಗೆ ಜಾಗವಿರಲಿಲ್ಲ. ಹೊರಗಿನ ಗೋಡೆಯ ಮೇಲೆ ನಮಗೆಂದು ಬೇರೆ ಗ್ಲಾಸು, ಕುಡಿದು ನಾವೇ ತೊಳೆದಿಡಬೇಕು. ಎಷ್ಟು ಬಾಯಾರಿದರೂ ನಾನು ಅಲ್ಲಿ ಚಹಾ ಕುಡಿದವನಲ್ಲ. ಒಂದು ಸಲ ಆ ಹೋಟೆಲಿನ ಧಣಿ ರಾಯಚೂರಿನಿಂದ ತರಿಸಿದ ಹೊಸ ಕಪ್ಪುಗಳ ಪೆಟ್ಟಿಗೆ ಬಸ್ಸಿನ ಮೇಲಿಂದ ಬಿತ್ತು. ಒಡೆದದ್ದನ್ನೆಲ್ಲ ಬುಟ್ಟಿಗೆ ತುಂಬಿಸಿಕೊಂಡು ಬಂದು ಕೇರಿಯ ಬಾಯಿಗೆ ನಿಂತ.

"ಏನ್ಬೇ, ಇವು ಕೂಡ್ತಾವೇನು?"

"ಕೂಡ್ತಾವ್ರೀ. ಅವಸರ ಮಾಡಿದ್ರ ಕೂಡಂಗಿಲ್ಲ."

"ಆಮ್ಯಾಲ ಬಿಸಿನೀರಾಗ ತೊಳಕೊಂಡ್ರ ನಡೀತದ ಬಿಡು" ಎಂದು ತನಗೆ ತಾನೇ ಹೇಳಿಕೊಂಡು ಹೋದ. ಅವರ ಲೆಕ್ಕದಲ್ಲಿ ನಾವು ಮುಟ್ಟಿದ್ದಕ್ಕೆ ಬಿಸಿನೀರು ಸಾಕು. ಎಂಜಲಿಗೆ ಸಾಲದು. ಆಕೆ ಹೇಗೆ ಪರೀಕ್ಷೆ ಮಾಡುತ್ತಾಳೆಂದು ಆತ ಕೇಳಲಿಲ್ಲ, ಆಕೆ ಹೇಳಲಿಲ್ಲ.

ಹನ್ನೊಂದು ಕಪ್ಪು ಕೂಡಿದವು. ಹನ್ನೊಂದರಲ್ಲೂ ನನ್ನ ಕಣ್ಣೆದುರೇ ಚಹಾ ಕುಡಿದು ನೋಡಿದಳು. ಅವು ಹೋಟೆಲಿನ ಒಳಗೆ, ಊರ ದೊಡ್ಡವರ ಕೈಗೆ ಹೋದವು. ನನಗೆ ತಡೆಯಲಾಗಲಿಲ್ಲ.

"ಸಂತಿ ದಿನ ಆ ಹೋಟೆಲಿನ ಮುಂದ ನಿಂತು ಹೇಳ್ತೀನಿ ಅತ್ತಿ, ಯಾರ ಎಂಜಲ ಕುಡ್ಯಾಕತ್ತೀರಿ ಗೊತ್ತದೇನು ಅಂತ."

ಆಕೆ ತಲೆ ಎತ್ತಲಿಲ್ಲ. "ಹೇಳು. ಹೇಳಿದ್ರ ಅಂವ ಏನ್ ಮಾಡ್ತಾನ? ಹನ್ನೊಂದೂ ತಿಪ್ಪಿಗಿ ಒಗೀತಾನ. ನೀ ಕಟ್ಟಿದ ಗ್ವಾಡಿ ಯಾರರ ಕೆಡವಿದ್ರ ಸುಮ್ನಿರ್ತೀ ಏನು? ನಿನ್ನ ಸಿಟ್ಟಿಗಿ ನನ್ನ ಕೆಲಸ ಯಾಕ ಒಡಸ್ತೀ?"

ಕೇರಿಗೆ ಏನಾಗಬಹುದು ಎಂಬ ಮಾತನ್ನು ಎತ್ತಲೇ ಇಲ್ಲ. ಕಪ್ಪಿನ ಮಾತಷ್ಟೇ. ನಾನು ಹೋಗಿ ಹೇಳಲಿಲ್ಲ. ಒಪ್ಪಿಕೊಂಡು ಅಲ್ಲ. ಆ ಹೋಟೆಲಿನ ಮುಂದೆಯೇ ಹಾದು ಹೋಗಿ ರಾಯಚೂರಿನ ಬಸ್ಸು ಹತ್ತಿದೆ.

ಎಂಬತ್ತರ ದಶಕದ ನಡುವಿನಲ್ಲಿ ಅತ್ತಿ ತೀರಿಕೊಂಡಳು. ಎರಡು ದಿನದ ಜ್ವರ. ಮಣ್ಣು ಮಾಡಿದ ಮೂರನೇ ದಿನ ಹೋಟೆಲಿನ ಧಣಿ ಬಂದು ಅಂಗಳದಲ್ಲಿ ನಿಂತ.

"ಕೈ ಭಾಳ ಛಲೋ ಇತ್ತು ಆಕಿದು. ಏಳು ಕಪ್ಪು ಇನ್ನ ನಡ್ಯಾಕತ್ತಾವ" ಎಂದ. ಮನಸ್ಸಿನಿಂದಲೇ ಅಂದ, ಅದರಲ್ಲಿ ಸುಳ್ಳಿಲ್ಲ.

ನನ್ನ ಹೆಂಡತಿ ಚಹಾ ತಂದಳು. ಆತ ಎರಡು ಹೆಜ್ಜೆ ಹಿಂದೆ ಸರಿದ. "ಬ್ಯಾಡ ಯವ್ವಾ, ಈಗ ಕುಡದು ಬಂದೀನಿ."

ಏಳೆಂಟು ವರ್ಷ ನುಂಗಿಕೊಂಡಿದ್ದ ಮಾತು ಬಾಯಿಗೆ ಬಂತು. ಹೆಂಡತಿಗೂ ಬಂದಿತ್ತು, ಮುಖ ನೋಡಿದರೆ ತಿಳಿಯುತ್ತಿತ್ತು. ಆದರೆ ಏಳು ಕಪ್ಪು ಇನ್ನೂ ಉಳಿದಿವೆ ಎಂದು ಆಗಷ್ಟೇ ಕೇಳಿದ್ದೆವು.

"ಆತ್ರೀ, ಬರ್ರಿ" ಎಂದು ಕಳಿಸಿದೆ. ಆತನಿಗೆ ತಂದ ಚಹಾ ನಾನು ಕುಡಿದೆ.