ಯಾರಾದ್ರೂ ಹತ್ರ ಇದ್ದೀರಾ?

ತಾಕ್ ಮಾನ್ಸಿಕ್ ಗುನ್ಸಾನ್ ಬಂದರಿನ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ವೆಲ್ಡಿಂಗ್ ಮಾಡಿದವನು. ಕೈ ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ. ತಾನು ಹೇಳಿದ್ದೇ ಆಗಬೇಕು ಅನ್ನುವ ಪೈಕಿ. ಒಮ್ಮೆಯಾದರೂ "ತಪ್ಪಾಯ್ತು" ಅಂದಿದ್ದನ್ನು ಹೆಂಡತಿಯೇ ಕೇಳಿಲ್ಲ, ಇನ್ನು ಬೇರೆಯವರು ಎಲ್ಲಿಂದ ಕೇಳಬೇಕು!

ಪಾಳಿ ಮುಗಿದರೆ ಅವನ ತಂಡದ ನಾಲ್ವರು ಮನೆ ದಾರಿ ಹಿಡಿಯುತ್ತಿರಲಿಲ್ಲ. ಗೇಟಿನ ಎದುರಿನ ಪೀಸಿಬಾಂಗಿಗೆ, ಅಂದರೆ ಗಂಟೆ ಲೆಕ್ಕದಲ್ಲಿ ಕಂಪ್ಯೂಟರ್ ಆಟ ಆಡುವ ಅಂಗಡಿಗೆ ನುಗ್ಗಿ, ಒಂದೇ ಸಾಲಿನಲ್ಲಿ ನಾಲ್ಕು ಕಂಪ್ಯೂಟರ್ ಹಿಡಿದು, ಸುಡುಸುಡು ನೂಡಲ್ಸ್ ತರಿಸಿಕೊಂಡು ಜಾಂಬಿಗಳನ್ನು ಹೊಡೆಯಲು ಕೂರುತ್ತಿದ್ದರು. ಮಾನ್ಸಿಕ್, ಕಾರಿನ ಹುಚ್ಚಿನ ಚುನ್ಹೊ, ಎಲ್ಲರಿಗಿಂತ ಕಿರಿಯ ಗಿಬೆ, ಮತ್ತೆ ದೊಕ್ಸು.

ದೊಕ್ಸುವಿನ ಎಡಗೈ ಮೇಲೆ ಎಂದೋ ಉಕ್ಕಿನ ಹಲಗೆ ಬಿದ್ದು ಎರಡು ಬೆರಳು ಮಡಚುತ್ತಿರಲಿಲ್ಲ. ಆಟದಲ್ಲಿ ಯಾವಾಗಲೂ ಹಿಂದೆ. ಆದರೆ ಆ ಹಳೇ ಆಟವೇ ಹಾಗಿತ್ತು: ಇಕ್ಕಟ್ಟಾದ ಓಣಿ, ಓಣಿಯ ಕೊನೆಗೊಂದು ಕೋಣೆ, ನಾಲ್ವರೂ ಒಳಗೆ ಬಂದರಷ್ಟೇ ಮುಂದಿನ ಬಾಗಿಲು ತೆರೆಯುವುದು. ಜಾಂಬಿ ಒಬ್ಬನ ಕತ್ತು ಹಿಡಿದರೆ ಬಿಡಿಸಿಕೊಳ್ಳಲು ಅವನ ಕೈಲಾಗುತ್ತಿರಲಿಲ್ಲ, ಇನ್ನೊಬ್ಬನೇ ಬರಬೇಕು. ಹಾಗಾಗಿ ಮೂವರು ಬಾಗಿಲ ಬಳಿ ನಿಂತು ಬೈಯುತ್ತಿದ್ದರು. "ಬಾರೋ ಆಮೆ!" "ಬಂದೆ ಕಣ್ರೋ, ಸಾಯ್ಬೇಡಿ!" ಆ ಬೈಗುಳ ಕೇಳಿಸಿಕೊಳ್ಳುವುದೆಂದರೆ ದೊಕ್ಸುವಿಗೆ ಪ್ರಾಣ.

ಕಾರ್ಖಾನೆ ಮುಚ್ಚಿತು. ಮಾನ್ಸಿಕ್ ಉಲ್ಸಾನಿಗೆ, ಚುನ್ಹೊ ಗೊಜೆ ದ್ವೀಪಕ್ಕೆ, ಗಿಬೆ ಪಾರ್ಸೆಲ್ ಗಾಡಿ ಓಡಿಸಲು ದೆಜೊನ್‌ಗೆ ಹೊರಟುಹೋದರು. ದೊಕ್ಸುವಿನ ಆ ಕೈಗೆ ಬೇರೆ ಕಡೆ ಯಾರು ಕೆಲಸ ಕೊಡುತ್ತಾರೆ? ಅವನು ಗುನ್ಸಾನಿನಲ್ಲೇ ಒಂದು ಒಂಟಿ ಕೋಣೆಯಲ್ಲಿ ಉಳಿದ. ಹೆಂಡತಿ ಮಕ್ಕಳಿಲ್ಲ, ಜೊಂಜುವಿನಲ್ಲಿ ಅಕ್ಕ ಸುಲ್ಲ್ಯೆ ಒಬ್ಬಳು. ವಾರವೆಲ್ಲ ಬಾಯಿಗೆ ಬೀಗ. ಭಾನುವಾರ ಮಧ್ಯಾಹ್ನ ಎರಡಕ್ಕೆ ನಾಲ್ವರೂ ಅವರವರ ಊರಿನಿಂದ ಕಿವಿಗೆ ಹೆಡ್‌ಫೋನ್ ಹಾಕಿ ಕೂತರೆ, ಅದೇ ಓಣಿ, ಅದೇ ಬಾಗಿಲು, ಅದೇ ಬೈಗುಳ. ದೂರವೆನ್ನುವುದು ಎಲ್ಲಿ ಹೋಯಿತೋ.

ಹೊಸ ಆಟ ತಂದವನು ಮಾನ್ಸಿಕ್.

"ಹಳೇದೇ ಚೆನ್ನಾಗಿದೆಯಲ್ಲ ಅಣ್ಣ," ಅಂದ ದೊಕ್ಸು.

"ಏನ್ ಚೆನ್ನಾಗಿದೆ, ಮಣ್ಣು! ಕಣ್ಣು ಮುಚ್ಕೊಂಡು ಓಡ್ಬೋದು ಅದ್ರಲ್ಲಿ. ಇದ್ರಲ್ಲಿ ಜಿಲ್ಲೆಗೆ ಜಿಲ್ಲೆನೇ ಬಿಟ್ಟಿದಾರೆ ಕಣೋ. ಬೆಟ್ಟ ಇದೆ, ಹೊಳೆ ಇದೆ, ಎಲ್ಲಿ ಬೇಕಾದ್ರೂ ಹೋಗ್ಬೋದು."

"ಎಲ್ಲಿ ಬೇಕಾದ್ರೂ ಹೋದ್ರೆ ನನ್ನ ಕಾಯೋರ್ಯಾರು?"

"ಅಯ್ಯೋ ಇವನ! ಹೊಸ ಮದುವಣಗಿತ್ತಿ ಥರ ಆಡ್ತಾನೆ. ನಾನಿಲ್ವೇನೋ?"

ಮೊದಲ ತಿಂಗಳು ಒಟ್ಟಿಗೇ ತಿರುಗಿದರು. ಸುಳ್ಳೇಕೆ ಹೇಳಬೇಕು, ಚೆಂದವಾಗಿಯೇ ಇತ್ತು. ಆಮೇಲೆ ಚುನ್ಹೊ ಹಳೇ ಕಾರುಗಳ ಬೆನ್ನು ಹತ್ತಿದ. ಗಿಬೆ ಬೆಟ್ಟದ ಮೇಲೆ ಮನೆ ಕಟ್ಟಲು ಕೂತ. ಮಾನ್ಸಿಕ್ ಗಾಡಿ ನಿಲ್ಲಿಸಿ ಮುರಿದ ಸೇತುವೆ ಮೇಲಿಂದ ಗಾಳ ಹಾಕಿದ. ಹೌದು, ಜಾಂಬಿ ಆಟದಲ್ಲಿ ಮೀನು ಹಿಡಿಯುತ್ತಿದ್ದ ಪುಣ್ಯಾತ್ಮ! ಬಯಲಿನಲ್ಲಿ ಜಾಂಬಿಗಳೂ ಚೆಲ್ಲಾಪಿಲ್ಲಿ. ಒಬ್ಬನೇ ತಪ್ಪಿಸಿಕೊಂಡು ಓಡಬಹುದು, ಗಾಯಕ್ಕೆ ತಾನೇ ಪಟ್ಟಿ ಕಟ್ಟಿಕೊಳ್ಳಬಹುದು. ಯಾರಿಗೂ ಯಾರೂ ಬೇಕಿರಲಿಲ್ಲ. ಇನ್ನೂ ಒಂದಿತ್ತು. ಆಟದೊಳಗೆ ಹತ್ತಿರ ನಿಂತವರ ದನಿ, ಕೆಮ್ಮು, ಉಸಿರು ಎಲ್ಲ ಹೆಡ್‌ಫೋನಿನಲ್ಲಿ ತಾನಾಗಿ ಕೇಳುತ್ತಿತ್ತು. ದೂರದವರದು, ಅವರು ಆಟದ ವಾಕಿಟಾಕಿ ಗುಂಡಿ ಒತ್ತಿದರೆ ಮಾತ್ರ. ನಿಜವಾದ ಊರಿನ ಹಾಗೇ ಇದೆ ಅಂತ ಮಾನ್ಸಿಕ್ ಹೊಗಳಿದ್ದೇ ಹೊಗಳಿದ್ದು.

ಗಂಟೆಗೊಮ್ಮೆ ದೊಕ್ಸುವಿನ ದನಿ ಬರುತ್ತಿತ್ತು. "ಯಾರಾದ್ರೂ ಹತ್ರ ಇದ್ದೀರಾ?"

"ಇರು, ಬರ್ತೀನಿ," ಅನ್ನುತ್ತಿದ್ದ ಮಾನ್ಸಿಕ್. ಹೋಗುತ್ತಿರಲಿಲ್ಲ.

ಮಾರ್ಚ್ ತಿಂಗಳ ಒಂದು ಭಾನುವಾರ, ಮೂರು ಗಂಟೆ ಇರಬಹುದು, ವಾಕಿಟಾಕಿ ಗೊರಗೊರ ಅಂದಿತು.

"ಮಾನ್ಸಿಕ್ ಅಣ್ಣ, ಸ್ವಲ್ಪ ಇಲ್ಲಿ ಬರ್ತೀಯಾ? ಯಾಕೋ ಕೈ ಬರ್ತಿಲ್ಲ."

"ನಿನ್ ಕೈ ಯಾವತ್ತು ಬಂದಿತ್ತು, ಹೇಳು!"

ಮೂವರೂ ಹೊಟ್ಟೆ ಹಿಡಿದು ನಕ್ಕರು. ದೊಕ್ಸು ನಗಲಿಲ್ಲ. "ಬಾ ಅಣ್ಣ," ಅಂದ.

"ಬಂದೆ ಮಾರಾಯ, ಇದೊಂದು ಮೀನು ಎಳ್ಕೊಂಡು ಬಂದೆ."

ಮೀನು ಒಂದಲ್ಲ, ಏಳು ಸಿಕ್ಕವು. ಆಟದ ನಕ್ಷೆಯಲ್ಲಿ ದೊಕ್ಸುವಿನ ಹಸಿರು ಚುಕ್ಕಿ ಒಂದು ಪೆಟ್ರೋಲ್ ಬಂಕಿನ ಹತ್ತಿರ ನಿಂತೇ ಇತ್ತು. "ಗೊರಕೆ ಹೊಡೀತಿರ್ತಾನೆ," ಅಂದ ಚುನ್ಹೊ. "ಕೋಪ ಮಾಡ್ಕೊಂಡಿದಾನೆ, ನೀನು ಹೋಗಿಲ್ಲ ಅಂತ," ಅಂದ ಗಿಬೆ. ಆರಕ್ಕೆ ಮೂವರೂ ಊಟಕ್ಕೆ ಎದ್ದರು. ಆಗಲೂ ಚುಕ್ಕಿ ಅಲ್ಲೇ ಇತ್ತು, ಹೋಗಿ ನೋಡುವ ಅಂತ ಒಬ್ಬನಿಗಾದರೂ ಅನ್ನಿಸಲಿಲ್ಲ. ಹಳೇ ಆಟದಲ್ಲಾಗಿದ್ದರೆ ಅವನಿಲ್ಲದೆ ಒಂದು ಹೆಜ್ಜೆ ಮುಂದೆ ಹೋಗಲು ಆಗುತ್ತಿತ್ತೇ? ಎರಡೇ ನಿಮಿಷಕ್ಕೆ ಬೈದು, ಕೂಗಿ, ಫೋನು ಮಾಡಿ, ಅವನ ಮನೆ ಒಡತಿಗೆ ಹೇಳಿ ಬಾಗಿಲು ಬಡಿಸುತ್ತಿದ್ದರು.

ಮರುದಿನ ಬೆಳಿಗ್ಗೆ ಫೋನು ಎತ್ತಲಿಲ್ಲವೆಂದು ಅಕ್ಕ ಬಸ್ಸು ಹತ್ತಿ ಬಂದಳು. ಕಂಪ್ಯೂಟರ್ ಪರದೆ ಇನ್ನೂ ಬೆಳಗುತ್ತಿತ್ತಂತೆ. ಕುರ್ಚಿಯ ಪಕ್ಕ ಬಿದ್ದಿದ್ದ ತಮ್ಮನ ಮೈ ತಣ್ಣಗಾಗಿತ್ತು.

ಮಂಗಳವಾರ ಮೂವರೂ ಕಪ್ಪು ಕೋಟು ಹಾಕಿಕೊಂಡು ಗುನ್ಸಾನಿಗೆ ಬಂದರು. ಐದು ವರ್ಷಗಳ ಮೇಲೆ ಎಲ್ಲರೂ ಒಂದೇ ಊರಿನಲ್ಲಿ ಸೇರಿದ್ದು ಅಂದೇ. ಅಂತ್ಯಸಂಸ್ಕಾರದ ಮಂದಿರದಲ್ಲಿ ದೊಕ್ಸುವಿನ ಫೋಟೋದ ಮುಂದೆ ಬಿಳಿ ಸೇವಂತಿಗೆ ಇಟ್ಟು ಎರಡು ಸಲ ಅಡ್ಡಬಿದ್ದರು. ಪಕ್ಕದ ಕೋಣೆಯಲ್ಲಿ ಅಕ್ಕ ಸುಲ್ಲ್ಯೆ, ಸಾವಿಗೆ ಬಂದವರಿಗೆ ಕೊಡುವ ಕೆಂಪು ಸಾರನ್ನು ತಾನೇ ಬಡಿಸಿ, ಅವರೆದುರು ಕೂತಳು. ಅತ್ತು ಅತ್ತು ಕಣ್ಣು ಊದಿತ್ತು.

"ಭಾನುವಾರ ಮಾತ್ರ ನಾನು ಅವನಿಗೆ ಫೋನ್ ಮಾಡ್ತಿರ್ಲಿಲ್ಲಪ್ಪ. ಇವತ್ತು ನಮ್ಮೋರು ಜೊತೆಲಿರ್ತಾರೆ ಅಕ್ಕ, ನೀನು ಹಾಯಾಗಿರು ಅಂತಿದ್ದ." ಮೂಗು ಒರೆಸಿಕೊಂಡಳು. "ತಲೇಲಿ ರಕ್ತನಾಳ ಒಡೆದ್ಮೇಲೂ ತುಂಬ ಹೊತ್ತು ಜೀವ ಇತ್ತಂತೆ, ಡಾಕ್ಟ್ರು ಹೇಳಿದ್ರು. ಒಂದೇ ಸಮಾಧಾನ, ನೀವೆಲ್ಲ ಜೊತೆಗಿದ್ರಿ. ಇದ್ರಿ ತಾನೆ?"

ಚುನ್ಹೊ ತಲೆ ತಗ್ಗಿಸಿ ಬಟ್ಟಲು ನೋಡಿದ. ಗಿಬೆ ಎದ್ದು ಹೊರಗೆ ಹೋಗಿಬಿಟ್ಟ. ಹೂಂ ಅಂದರೆ ಮುಗಿದುಹೋಗುತ್ತಿತ್ತು, ಆ ಮುದುಕಿಗೂ ನೆಮ್ಮದಿ. ಮಾನ್ಸಿಕ್ ಚಮಚ ಕೆಳಗಿಟ್ಟ.

"ಇರ್ಲಿಲ್ಲ ಅಕ್ಕ. ಅವನು ಕರೆದ. ನಾನು ಹೋಗ್ಲಿಲ್ಲ. ತಪ್ಪಾಯ್ತು."

"ಅಯ್ಯೋ, ಹಾಗ್ಯಾಕಂತೀಯಪ್ಪ," ಅವಳು ಅವನ ಕೈ ಹಿಡಿದುಕೊಂಡಳು. "ಉಲ್ಸಾನಿಂದ ನೀನು ಹೇಗೆ ಬರ್ತಿದ್ದೆ? ಅಷ್ಟು ದೂರ!"

"ಉಲ್ಸಾನಿಂದಲ್ಲ ಅಕ್ಕ. ಆಟದಲ್ಲಿ. ಪಕ್ಕಕ್ಕೆ ಹೋಗಿದ್ರೆ ಅವನ ಉಸಿರು ಕೇಳ್ತಿತ್ತು ನನಗೆ. ಎರಡು ನಿಮಿಷದ ದಾರಿ. ಗಾಡಿನೂ ಇತ್ತು."