ಕಡ್ಡಿ ಕಟ್ಟಿದ ಕೈ

ರತ್ನಾಗಿರಿ ಕಡೆಯ ಆ ಆಸ್ಪತ್ರೆಯಲ್ಲಿ, ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ನರ ಹುಡುಕಿ ಸೂಜಿ ಹಾಕಲು ನರ್ಸ್ ವಾಸಂತಿ ಶೇಲಾರಳೇ ಬೇಕು. ಇಪ್ಪತ್ತೆರಡು ವರ್ಷ ಪಳಗಿದ ಕೈ. ಸೂಜಿ ಅಲುಗದಂತೆ ಕೈಗೆ ಕಟ್ಟುವ ಪ್ಲಾಸ್ಟಿಕ್ ಪಟ್ಟಿ ಮುಗಿದಾಗ, ಡಾಕ್ಟರು ನಾಲಿಗೆ ಒತ್ತಿ ಗಂಟಲು ನೋಡುವ ಮರದ ಕಡ್ಡಿಯನ್ನು ಮುರಿದು, ಹತ್ತಿ ಸುತ್ತಿ ಕಟ್ಟುವ ಉಪಾಯ ಅವಳದೇ. ಹೊಸ ನರ್ಸುಗಳು ಅದನ್ನು 'ಶೇಲಾರ್ ಪಟ್ಟಿ' ಎಂದೇ ಕಲಿತಿದ್ದರು.

ಆಷಾಢದ ಒಂದು ಬೆಳಿಗ್ಗೆ ವಾಸಂತಿ, ಬಾಣಂತಿ ಉಜ್ವಲಾಳ ಮಗುವಿನ ಕೈಪಟ್ಟಿ ಬಿಚ್ಚಿದಳು. ಹನ್ನೊಂದು ದಿನದ ಹೆಣ್ಣು, ಒಂಬೈನೂರು ಗ್ರಾಂ. ಈರುಳ್ಳಿಯ ಒಳಪೊರೆಯಂಥ ಚರ್ಮದ ಮೇಲೆ ಕೆಂಪು ಕಲೆ, ನಡುವೆ ಎಳ್ಳಿನಷ್ಟು ಕಪ್ಪು. ನಿನ್ನೆ ಬರೀ ಕೆಂಪಿತ್ತು. ಪ್ಲಾಸ್ಟರ್ ಉಜ್ಜಿರಬೇಕೆಂದು ತಾನೇ ಹೊಸ ಕಡ್ಡಿ ಕಟ್ಟಿದ್ದಳು.

ಕಪಾಟಿನಿಂದ ಕಡ್ಡಿಗಳ ಡಬ್ಬಿ ತೆಗೆದಳು. ತಳದವು ತೇವಕ್ಕೆ ಮೆತ್ತಗಾಗಿದ್ದವು. ಅವುಗಳ ಮೇಲೆ ಬೂದುಬಣ್ಣದ ನವಿರಾದ ಎಳೆಗಳು.

"ಏನ್ರೀ ಬಾಯಿ, ಡಬ್ಬಿ ಹಿಡ್ಕೊಂಡು ಪ್ರಸಾದಕ್ಕೆ ನಿಂತಂಗೆ ನಿಂತಿದೀರಿ?" ಡಾಕ್ಟರ್ ದೇವಧರ್ ಮೇಡಂ ನಗುತ್ತಾ ಬಂದರು. ಮಗುವಿನ ಕೈ ನೋಡಿ, "ಪ್ಲಾಸ್ಟರ್ ಗಾಯಾನಾ?" ಎಂದರು.

ಹೌದೆಂದಿದ್ದರೆ ಮುಲಾಮಿನಲ್ಲಿ ಮುಗಿಯುತ್ತಿತ್ತು.

"ಅಲ್ಲ ಮೇಡಂ. ಬೂಷ್ಟು. ಕಡ್ಡಿಯಿಂದ ಬಂದದ್ದು. ನಾನು ಕಟ್ಟಿದ ಕಡ್ಡಿ."

ಡಾಕ್ಟರ ನಗು ಆರಿತು. ಚರ್ಮದ ತುಣುಕು ಪರೀಕ್ಷೆಗೆ ಹೋಯಿತು. ವರದಿಗೆ ಕಾಯದೆ ಔಷಧ ಹನಿಯತೊಡಗಿತು. ಕಲೆಯ ಸುತ್ತ ಪೆನ್ನಿನಿಂದ ಗೆರೆ ಎಳೆದು, "ಇದನ್ನ ದಾಟಿದ್ರೆ ಕೊಯ್ದು ತೆಗೀಬೇಕಾಗುತ್ತೆ. ರಕ್ತಕ್ಕಿಳಿದ್ರೆ..." ಎಂದವರು ಅಲ್ಲಿಗೇ ನಿಲ್ಲಿಸಿದರು.

ಉಳಿದ ಆರು ಕೂಸುಗಳ ಪಟ್ಟಿಯನ್ನೂ ವಾಸಂತಿ ಬಿಚ್ಚಿದಳು. ಆರೂ ಚೊಕ್ಕವಾಗಿದ್ದವು.

ಮಧ್ಯಾಹ್ನ ಉಜ್ವಲಾ ಬಟ್ಟಲಲ್ಲಿ ಎದೆಹಾಲು ಹಿಂಡಿ ತಂದಳು. "ನೋಡಿ ಅಕ್ಕಾ, ಎರಡು ಚಮಚ! 'ನಿನಗಿಂತ ನಮ್ಮನೆ ಮೇಕೆ ವಾಸಿ' ಅಂತಿದ್ರು ನಮ್ಮತ್ತೆ. ಈಗ ಹೇಳ್ಲಿ!"

ವಾಸಂತಿ ಏನನ್ನೂ ಮುಚ್ಚಿಡದೆ ಹೇಳಿದಳು.

"ಕಟ್ಟಿದ್ದು ಯಾರು?"

"ನಾನೇ ತಾಯಿ."

ಉಜ್ವಲಾ ಬಟ್ಟಲನ್ನು ವಾಸಂತಿಯ ಕೈಗಿಟ್ಟಳು. "ಮೊದಲು ಹಾಲು ಕುಡಿಸಿ," ಎಂದಳು. "ಆಮೇಲೆ ನನ್ನ ಮಗೂನ ಮುಟ್ಟಬೇಡಿ."

ಮರುದಿನ ಬೆಳಿಗ್ಗೆ ಗಾಯದ ಬಟ್ಟೆ ಸರಿಸಿದ್ದು ಬೇರೆ ನರ್ಸು. ವಾಸಂತಿ ಗಾಜಿನಾಚೆ ನಿಂತಿದ್ದಳು; ಅಲ್ಲಿಂದ ಉಜ್ವಲಾಳ ಬಾಗಿದ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ಅಲುಗಲೇ ಇಲ್ಲ.

"ಗೆರೆ ದಾಟಿಲ್ಲ," ಎಂದಳು ಉಜ್ವಲಾ. ಹಿಂದಿರುಗಿ ನೋಡಲಿಲ್ಲ, ಆದರೆ ಗಾಜಿನಾಚೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ್ದಳು.