ನಾಲ್ಕು ಲಾಭ, ಒಟ್ಟು ಸೊನ್ನೆ

ನಾನು ಏಳನೇ ಕ್ಲಾಸಿಗೆ ಪುಸ್ತಕ ಮಡಚಿಟ್ಟವನು. ಆದರೆ ಯಶವಂತಪುರದ ಮಾರ್ಕೆಟ್ ಯಾರ್ಡಿನಲ್ಲಿ ಮೂವತ್ತು ವರ್ಷ ಮೂಟೆ ಎಣಿಸಿದ್ದೇನೆ. ನನ್ನ ಲೆಕ್ಕ ತಪ್ಪಿತೆಂದು ಒಂದೇ ಒಂದು ಲಾರಿಯನ್ನೂ ಮತ್ತೆ ಇಳಿಸಿ ನೋಡಿದ್ದಿಲ್ಲ. ಈ ಮಾತನ್ನು ಮದುವೆ ಮನೆಯಲ್ಲಿ, ಆಸ್ಪತ್ರೆಯ ಕ್ಯೂನಲ್ಲಿ, ಯಾರೂ ಕೇಳದಿದ್ದರೂ ಹೇಳಿದ್ದೇನೆ. ಹಾಗಾಗಿ ಯಲಹಂಕದ ಬ್ಯಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ನಡೆದದ್ದನ್ನೂ ನಾನೇ ಹೇಳಬೇಕು.

ನನ್ನ ಮಗಳು ಉದ್ದ. ನಮ್ಮ ಮನೆಯಲ್ಲಿ ಫ್ಯಾನ್ ಒರೆಸಲು ಸ್ಟೂಲ್ ಬೇಕಿಲ್ಲ. ಒಂಬತ್ತು ವರ್ಷ ಬೆಳಗಿನ ಜಾವ ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಸಂಜಯನಗರದ ಕೋರ್ಟಿಗೆ ಬಿಟ್ಟು, ಅಭ್ಯಾಸ ಮುಗಿಯುವವರೆಗೆ ಕಾದು, ಅಲ್ಲಿಂದ ಯಾರ್ಡಿಗೆ ಹೋಗುತ್ತಿದ್ದೆ. ಕಾದು ಕಾದು ನನಗೂ ಬ್ಯಾಸ್ಕೆಟ್‌ಬಾಲ್ ಬಂತು, ಆಡಲು ಅಲ್ಲ, ಬೈಯಲು. ಹೆಣ್ಣುಮಕ್ಕಳಿಗೆ ಸಂಬಳ ಕೊಟ್ಟು ಆಡಿಸುವ ಹೊಸ ಲೀಗೊಂದು ಶುರುವಾದಾಗ ಅವಳನ್ನೂ ಒಂದು ತಂಡ ಸೇರಿಸಿಕೊಂಡಿತು. ಯಲಹಂಕದ್ದು ಅವರ ಎರಡನೇ ಪಂದ್ಯ. ಮುಂದಿನ ಪಂದ್ಯದ ಮೊದಲ ಐವರಲ್ಲಿ ಒಂದು ಜಾಗ ಖಾಲಿಯಿತ್ತು. ಅದಕ್ಕೆ ಇಬ್ಬರು: ಒಂಬತ್ತನೇ ನಂಬರಿನ ನನ್ನ ಮಗಳು, ಹನ್ನೊಂದನೇ ನಂಬರಿನ ಇನ್ನೊಬ್ಬಳು. "ಇವತ್ತು ಯಾರು ಹೆಚ್ಚು ರೀಬೌಂಡ್ ಹಿಡೀತೀರೋ ಅವ್ರಿಗೆ," ಎಂದಿದ್ದರು ಕೋಚ್. ಬುಟ್ಟಿಗೆ ಬೀಳದೆ ಪುಟಿದು ಬಂದ ಚೆಂಡನ್ನು ಜಿಗಿದು ಹಿಡಿದರೆ ಅದು ರೀಬೌಂಡ್.

ಪಂದ್ಯಕ್ಕೆ ಹತ್ತು ನಿಮಿಷವಿದೆ, ಅಂಕಿಅಂಶ ಬರೆಯುವ ಇಬ್ಬರಲ್ಲಿ ಒಬ್ಬ ಬಂದಿಲ್ಲ. ಹೆಬ್ಬಾಳ ಫ್ಲೈಓವರಿನ ಮೇಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದೇನೆ, ಕೆಳಗೆ ಕೆರೆ ಚೆನ್ನಾಗಿ ಕಾಣುತ್ತಿದೆ ಎಂದು ಫೋನ್ ಮಾಡಿದನಂತೆ. ಇನ್ನೊಬ್ಬಳು, ಇಂಜಿನಿಯರಿಂಗ್ ಓದುವ ಹುಡುಗಿ, ಮೇಜಿನ ಹಿಂದೆ ಅಳುವಂತಾಗಿದ್ದಳು. ನಾನು ಗ್ಯಾಲರಿಯಿಂದ ಇಳಿದು ಹೋದೆ.

"ರೀಬೌಂಡ್ ನಾನು ನೋಡ್ಕೋತೀನಮ್ಮ. ನೀನು ಮಿಕ್ಕಿದ್ದು ಬರಿ."

"ಅಂಕಲ್, ನಿಮಗೆ ಎಣಿಸೋಕೆ ಬರುತ್ತಾ?"

ಮೂವತ್ತು ವರ್ಷದ ಕಥೆ ಹೇಳಿದೆ. ಅವಳು ಅರ್ಧದಲ್ಲೇ ಒಪ್ಪಿಕೊಂಡಳು.

ನೀರಿನ ಬಾಟಲಿ ಬಂದಿದ್ದ ರಟ್ಟಿನ ಮೇಲೆ ಎಲ್ಲರ ನಂಬರ್ ಬರೆದು, ಹಿಡಿದ ಚೆಂಡಿಗೊಂದು ಗೆರೆ ಎಳೆದೆ. ಪಂದ್ಯಕ್ಕೆ ನಾಲ್ಕು ಕ್ವಾರ್ಟರ್. ಪ್ರತಿ ಕ್ವಾರ್ಟರ್ ಮುಗಿದಾಗ ಬೆರಳಿಟ್ಟು ಜೋರಾಗಿ ಎಣಿಸಿ ಹೇಳುತ್ತಿದ್ದೆ. ಯಾರ್ಡಿನಲ್ಲಿ ಮೌನವಾಗಿ ಎಣಿಸುವವನನ್ನು ಕೊಂಡವನೂ ನಂಬುವುದಿಲ್ಲ, ಮಾರಿದವನೂ ನಂಬುವುದಿಲ್ಲ. "ಹನ್ನೊಂದು: ಲಾಭ, ಎರಡು. ಒಂಬತ್ತು: ಲಾಭ." ಏನೂ ಹಿಡಿಯದವರ ನಂಬರ್ ಮಾತ್ರ ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ಹುಡುಗಿ ತಲೆಯಾಡಿಸಿ ಬರೆದುಕೊಳ್ಳುತ್ತಿದ್ದಳು. ಮಗಳು ಬಿದ್ದು ಮೊಣಕೈ ತರಚಿಕೊಂಡಾಗಲೂ ನಾನು ರಟ್ಟು ಬಿಟ್ಟು ಏಳಲಿಲ್ಲ. ಮೇಜಿನ ಹಿಂದೆ ಕೂತವನಿಗೆ ಮಗಳಿಲ್ಲ.

ಪಂದ್ಯ ಗೆದ್ದೆವು. ಹಾಳೆ ಪ್ರಿಂಟಾಗಿ ಗೋಡೆಗೆ ಅಂಟಿತು. ಹುಡುಗಿಯರೆಲ್ಲ ಮುತ್ತಿಕೊಂಡರು. ಮಗಳು ಹಿಂದಿನಿಂದಲೇ ನೋಡಿದಳು, ಅವಳಿಗೆ ತಲೆಗಳು ಅಡ್ಡ ಬರುವುದಿಲ್ಲ. ನೋಡಿದವಳು ಸೀದಾ ನನ್ನ ಹತ್ತಿರ ಬಂದಳು.

"ಸೊನ್ನೆನಾ ಅಪ್ಪ?"

"ಏನ್ ಸೊನ್ನೆ?"

"ನನ್ನ ರೀಬೌಂಡು. ಹನ್ನೊಂದಕ್ಕೆ ನಾಲ್ಕು, ನನಗೆ ಸೊನ್ನೆ. ಕೈ ತರಚ್ಕೊಂಡು ಹಿಡಿದಿದ್ದು ನಿನ್ನ ಕಣ್ಣಿಗೇ ಬೀಳ್ಲಿಲ್ವಾ?"

ನನ್ನ ರಟ್ಟಿನಲ್ಲಿ ಅವಳಿಗೆ ಕ್ವಾರ್ಟರಿಗೊಂದರಂತೆ ನಾಲ್ಕು ಗೆರೆ ಇದ್ದವು. ಕೋಚ್ ಬಳಿ ಓಡಿದೆ. ಅವರು ನಕ್ಕು ನನ್ನ ಬೆನ್ನು ತಟ್ಟಿದರು.

"ಯಜಮಾನ್ರೇ, ಮಗಳು ಅಂದ್ಮೇಲೆ ಕರುಳು ಎಳೆಯುತ್ತೆ, ಬಿಡಿ. ನಾನೂ ತಂದೆನೇ."

ಮೂವತ್ತು ವರ್ಷದಲ್ಲಿ ಅಂಥ ಮಾತನ್ನು ಯಾವ ಮಂಡಿ ಮಾಲೀಕನೂ ನನಗೆ ಆಡಿರಲಿಲ್ಲ. "ಸಾರ್, ಕರುಳಿಗೆ ಗೆರೆ ಎಳೆಯೋಕೆ ಬರಲ್ಲ. ರಟ್ಟು ಇಲ್ಲಿದೆ. ಎಲ್ಲರದ್ದೂ ಮತ್ತೆ ಎಣಿಸ್ತೀನಿ, ಎರಡೂ ತಂಡದ್ದು. ಬರ್ಕೊಂಡ ಆ ಮಗೂನ ಕರೀರಿ."

ಹುಡುಗಿ ಬಂದಳು. ಸುತ್ತ ಇಪ್ಪತ್ತು ಜನ ಉದ್ದನೆಯ ಹುಡುಗಿಯರು. ಬಾವಿಯೊಳಗೆ ನಿಂತು ಎಣಿಸಿದ ಹಾಗಿತ್ತು. "ಒಂಬತ್ತು, ಮೊದಲ್ನೇ ಕ್ವಾರ್ಟರ್: ಲಾಭ."

"ಅಲ್ಲೇ ಅಂಕಲ್! ಅಲ್ಲೇ ನಿಲ್ಲಿಸ್ಬಿಟ್ರಿ. ನಂಬರ್ ಎಲ್ಲಿ?"

"ಹೇಳಿದ್ನಲ್ಲಮ್ಮ, ಲಾಭ."

"ಲಾಭ ಅಂದ್ರೆ ಎಷ್ಟು?"

ಯಾರ್ಡಿನಲ್ಲಿ ಮೊದಲನೇ ಮೂಟೆಗೆ ಒಂದು ಎನ್ನುವುದಿಲ್ಲ. ಒಂದಕ್ಕೇ ನಿಂತುಬಿಡಬಾರದು, ಬೆಳೆಯಬೇಕು ಎಂದು ಲಾಭ ಎಂದೇ ಶುರುಮಾಡುತ್ತೇವೆ. ನಮ್ಮಪ್ಪ ರಾಗಿ ಅಳೆಯುವಾಗಲೂ ಹಾಗೇ. ಲಾಭ ಎಂದರೆ ಒಂದು ಎಂಬುದು ಸೂರ್ಯ ಚಂದ್ರರಿಗೆಲ್ಲ ಗೊತ್ತು ಎಂದುಕೊಂಡಿದ್ದೆ.

"ಏನೂ ಹಿಡೀದೇ ಇರೋರಿಗೆ ಸಮಾಧಾನಕ್ಕೆ ಹಾರೈಸ್ತಿದ್ದೀರಿ ಅಂದ್ಕೊಂಡೆ ಅಂಕಲ್. ಎಷ್ಟು ಒಳ್ಳೆಯವ್ರು ಅಂತ ಖುಷಿನೂ ಆಯ್ತು."

"ಮನೇಲಿ ಅಕ್ಕಿ ಅಳೆಯಲ್ವೇನಮ್ಮ?"

"ಕುಕ್ಕರ್ ಜೊತೆ ಕಪ್ ಬಂದಿದೆ ಅಂಕಲ್."

ಹುಡುಗಿಯರು ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು. ಎದುರು ತಂಡದ ಗಿಡ್ಡ ಹುಡುಗಿಯೊಬ್ಬಳು ಮುಂದೆ ಬಂದು, "ನನ್ನದೂ ಒಂದಿತ್ತು, ಮೂಗಿಗೆ ಬಡಿಸ್ಕೊಂಡು ಹಿಡ್ದಿದ್ದೆ," ಎಂದಳು. ಅವಳಿಗೂ ರಟ್ಟಿನಲ್ಲಿ ಒಂದು ಗೆರೆ ಇತ್ತು. ಒಬ್ಬೊಬ್ಬರದ್ದೇ ತಿದ್ದುತ್ತಾ ಹೋದೆವು. ಮಗಳಿಗೆ ನಾಲ್ಕಾಯಿತು. ಅವಳ ಮುಖ ಅರಳುವಷ್ಟರಲ್ಲಿ ನನ್ನ ಬೆರಳು ಹನ್ನೊಂದನೇ ನಂಬರಿನ ಎರಡನೇ ಕ್ವಾರ್ಟರಿಗೆ ಬಂದಿತ್ತು. ಅಲ್ಲಿ ಒಂಟಿ ಗೆರೆ.

ಆ ಗೆರೆ ಹುಡುಗಿಗೆ ಕಾಣುತ್ತಿರಲಿಲ್ಲ, ಕೋಚಿಗೂ ಇಲ್ಲ. ನನ್ನ ಹೆಬ್ಬೆರಳು ಅದರ ಮೇಲೇ ಇತ್ತು. ಅದಿಲ್ಲದಿದ್ದರೆ ಇಬ್ಬರೂ ಸಮ. ಹೆಬ್ಬೆರಳು ಅಲ್ಲಿ ಬೇಕಾದ್ದಕ್ಕಿಂತ ತುಸು ಹೆಚ್ಚೇ ನಿಂತಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ತೆಗೆದು, "ಲಾಭ," ಎಂದೆ. "ಅಂದ್ರೆ ಒಂದು."

ಹನ್ನೊಂದಕ್ಕೆ ಐದಾಯಿತು. ಜಾಗ ಅವಳಿಗೇ ಹೋಯಿತು. ಕೋಚ್ ನನ್ನ ಕೈ ಕುಲುಕಿ, "ಮುಂದಿನ ಪಂದ್ಯಕ್ಕೂ ನೀವೇ ಬನ್ನಿ," ಎಂದರು.

ವಾಪಸು ಬರುವಾಗ ಮಗಳು ಹೆಬ್ಬಾಳದ ಸಿಗ್ನಲ್ಲಿನಲ್ಲಿ, "ಅದು ಗೆರೆನೇನಾ, ಕೊಳೆಯೇನಾ?" ಎಂದಳು.

"ಗೆರೆ."

"ಸರಿಯಾಗಿ ನೋಡಿದ್ಯಾ?"

"ನೋಡ್ದೆ ಕಣಮ್ಮ."

ಆರ್.ಟಿ. ನಗರದ ಮನೆಗೆ ಬಂದಾಗ ನನ್ನ ಹೆಂಡತಿ ಅಡುಗೆಮನೆಯಲ್ಲಿ ಪಾವು ಹಿಡಿದು ಅಕ್ಕಿ ಅಳೆಯುತ್ತಿದ್ದಳು. ಪಾತ್ರೆಗೆ ಸುರಿಯುತ್ತಾ, "ಲಾಭ," ಎಂದಳು.

"ಒಂದು ಅನ್ನಮ್ಮಾ!" ಮಗಳು ಬ್ಯಾಗ್ ಎಸೆದು ಕೂಗಿದಳು. "ಬಾಯ್ಬಿಟ್ಟು ಒಂದು ಅಂತ ಅನ್ನು!"

ಹೆಂಡತಿ ನನ್ನ ಮುಖ ನೋಡಿದಳು. "ಏನಾಯ್ತು ಇವಳಿಗೆ? ಸೋತ್ರಾ?"

"ಗೆದ್ರು," ಎಂದು ನಾನು ಮೊಣಕೈಗೆ ಹಚ್ಚುವ ಮುಲಾಮು ಹುಡುಕಲು ಹೋದೆ.